ತೋಟದ ಮಾಹಿತಿಗೆ ಚೀಟಿ ವ್ಯವಸ್ಥೆ ಕಟ್ಟಿದ ಬಗೆ

ಸಕಲೇಶಪುರ ತಾಲ್ಲೂಕಿನಲ್ಲಿ ನಮ್ಮದು ಚಿಕ್ಕ ಕಾಫಿ ತೋಟ. ಅರೇಬಿಕಾ ಜಾಸ್ತಿ, ಹಳ್ಳದ ಕಡೆ ಸ್ವಲ್ಪ ರೋಬಸ್ಟಾ, ಮರಗಳಿಗೆಲ್ಲ ಮೆಣಸಿನ ಬಳ್ಳಿ, ಗದ್ದೆ ಅಂಚಿಗೆ ಒಂದಿಷ್ಟು ಅಡಿಕೆ. ಇದನ್ನು ನೋಡಿಕೊಳ್ಳಲು ಬೇಕಾದ ಮಾಹಿತಿಗೆ ಯಾವತ್ತೂ ಬರ ಇರಲಿಲ್ಲ. ಅಪ್ಪನ ಡೈರಿಗಳಿವೆ. ಮಳೆ ಪುಸ್ತಕ ಇದೆ. ಕಾಫಿ ಬೋರ್ಡ್ ಕೊಟ್ಟ ಕರಪತ್ರಗಳು, ಮಣ್ಣು ಪರೀಕ್ಷೆಯ ವರದಿಗಳು, ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಗೆ ಹೋದಾಗ ಬರೆದುಕೊಂಡದ್ದು, ಗೊಬ್ಬರದಂಗಡಿಯ ಬಿಲ್ಲುಗಳು, ಫೋನಿನ ತುಂಬ ಫೋಟೊ, ಬೆಳೆಗಾರರ ವಾಟ್ಸ್ಯಾಪ್ ಗುಂಪುಗಳಲ್ಲಿ ದಿನವಿಡೀ ಬರುವ ಫಾರ್ವರ್ಡ್‌ಗಳು.

ತೊಂದರೆ ಇದ್ದದ್ದು ಸಿಗುವುದರಲ್ಲಿ. ಮೇಸ್ತ್ರಿ ಡ್ರಮ್ಮಿನ ಮುಂದೆ ನಿಂತು "ಸುಣ್ಣ ಎಷ್ಟು ಹಾಕೋದು ಅಣ್ಣಾ?" ಅಂತ ಕೇಳಿದಾಗ ಉತ್ತರ ಒಂದು ನಿಮಿಷದಲ್ಲಿ ಸಿಗಬೇಕು. ಅಷ್ಟು ಹೊತ್ತಿಗೆ ವಾಟ್ಸ್ಯಾಪ್ ತೆರೆದು ಹಿಂದಕ್ಕೆ ಎಳೆಯುತ್ತಾ ಕೂತರೆ ಆಳುಗಳ ಅರ್ಧ ದಿನ ಹೋಗುತ್ತದೆ. ಅದಕ್ಕೇ, ಒಂದೊಂದು ಕೆಲಸದ ಮಾಹಿತಿಯನ್ನು ಒಂದೊಂದು ಚೀಟಿಯಾಗಿ, ಅಂದರೆ ಚಿಕ್ಕ ಟಿಪ್ಪಣಿಯಾಗಿ, ಬರೆದಿಡುವ ಈ ವ್ಯವಸ್ಥೆ ಕಟ್ಟಲು ಕೂತೆ. ಇದೇ ತರಹ ಮಾಡಬೇಕೆಂದಿರುವವರಿಗೆ ಅನುಕೂಲವಾಗಲಿ ಅಂತ, ಏನು ಮಾಡಿದೆ, ಎಲ್ಲಿ ಸಿಕ್ಕಿಕೊಂಡಿತು, ಹೇಗೆ ಬಿಡಿಸಿದೆ ಎಂಬುದನ್ನು ಬರೆದಿಡುತ್ತಿದ್ದೇನೆ.

ಮೊದಲು ಸಲಕರಣೆ. ಹಳೆಯ ಲ್ಯಾಪ್‌ಟಾಪ್ ಒಂದು, ಫೋನು ಒಂದು. ಬರೆಯಲು ಅಬ್ಸಿಡಿಯನ್ ಎಂಬ ಆಪ್, ಎರಡೂ ಕಡೆ ಒಂದೇ ತರಹ ಇಡಲು ಸಿಂಕ್‌ಥಿಂಗ್. ಆಪ್‌ಗಿಂತ ಮುಖ್ಯವಾದದ್ದು ಎಲ್ಲವೂ ಬರೀ ಪಠ್ಯದ ಫೈಲುಗಳಾಗಿ ನಮ್ಮ ಹತ್ತಿರವೇ ಇರುವುದು. ಜುಲೈ ತಿಂಗಳಲ್ಲಿ ನಮ್ಮ ಕಡೆ ಮರ ಬಿದ್ದು ಕರೆಂಟು ಹೋದರೆ ಟವರೂ ಹೋಗುತ್ತದೆ. ಇಂಟರ್‌ನೆಟ್ ಇದ್ದರೆ ಮಾತ್ರ ತೆರೆಯುವ ಆಪ್ ಮಲೆನಾಡಿನ ಮಳೆಗಾಲಕ್ಕೆ ಆಗಿಬರುವುದಿಲ್ಲ. ಸಿಂಕ್‌ಥಿಂಗ್‌ಗೆ ಹೊರಗಿನ ನೆಟ್ ಬೇಕಿಲ್ಲ. ಮನೆಯ ವೈಫೈ ಇದ್ದರೆ ಫೋನು, ಲ್ಯಾಪ್‌ಟಾಪ್ ತಾವೇ ಮಾತಾಡಿಕೊಳ್ಳುತ್ತವೆ.

ಆಮೇಲೆ ಬಂದದ್ದು ನಿಜವಾದ ಪ್ರಶ್ನೆ: ಯಾವುದನ್ನು ಇಟ್ಟುಕೊಳ್ಳುವುದು, ಯಾವುದನ್ನು ಬಿಡುವುದು, ಇಟ್ಟದ್ದನ್ನು ಯಾವ ಹೆಸರಿನಲ್ಲಿ ಇಡುವುದು?

ಚೀಟಿ ಇಡುವವರೆಲ್ಲ ಜರ್ಮನಿಯ ಸಮಾಜಶಾಸ್ತ್ರಜ್ಞ ನಿಕ್ಲಾಸ್ ಲೂಮನ್ ಅವರ ಹೆಸರು ಹೇಳುತ್ತಾರೆ. ಅವರು ಸುಮಾರು 90,000 ಚೀಟಿಗಳನ್ನು ಬರೆದು, ಒಂದಕ್ಕೊಂದು ನಂಬರಿನ ಕೊಂಡಿ ಹಾಕಿ ಇಟ್ಟಿದ್ದರು. ಆ ಪದ್ಧತಿ ಪುಸ್ತಕ ಬರೆಯುವವರಿಗೆ ಚೆನ್ನ. ತೋಟ ನೋಡಿಕೊಳ್ಳುವವರಿಗೆ ನಾನು ಎಸ್. ಆರ್. ರಂಗನಾಥನ್ ಅವರ ದಾರಿಯನ್ನೇ ಹೇಳುತ್ತೇನೆ. ಭಾರತದ ಗ್ರಂಥಾಲಯ ಶಾಸ್ತ್ರ ಕಟ್ಟಿದವರು ಅವರು. 1962ರಲ್ಲಿ ಬೆಂಗಳೂರಿನಲ್ಲಿ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರ ಶುರುಮಾಡಿದರು. 1933ರಲ್ಲಿ ಅವರು ಹೊರತಂದ ಕೋಲನ್ ವರ್ಗೀಕರಣದಲ್ಲಿ ಒಂದು ವಿಷಯವನ್ನು ಒಂದೇ ಕಪಾಟಿಗೆ ತುರುಕುವ ಪದ್ಧತಿ ಇಲ್ಲ. ಇದು ಯಾವುದರ ಬಗ್ಗೆ, ಯಾವ ವಸ್ತು, ಯಾವ ಕ್ರಿಯೆ, ಯಾವ ಜಾಗ, ಯಾವ ಕಾಲ ಎಂದು ಐದು ಮುಖಗಳಿಂದ ನೋಡುತ್ತಾರೆ.

ತೋಟಕ್ಕೆ ಇದಕ್ಕಿಂತ ಹೊಂದುವ ಯೋಚನೆ ನನಗೆ ಕಂಡಿಲ್ಲ. ನಮ್ಮ ಎಲ್ಲ ಪ್ರಶ್ನೆಗಳೂ ಹೀಗೇ ಇರುತ್ತವೆ ಅಲ್ವಾ? ಯಾವ ಬೆಳೆಗೆ, ಏನು ಹಾಕಿ, ಯಾವ ಕೆಲಸ, ಯಾವ ಪಟ್ಟೆಯಲ್ಲಿ (ತೋಟದ ಭಾಗದಲ್ಲಿ), ಯಾವ ತಿಂಗಳು. ಹಾಗಾಗಿ ಪ್ರತಿ ಚೀಟಿಯ ತಲೆಗೆ ಐದು ಸಾಲು ಇಟ್ಟೆ. ಬೆಳೆ, ವಸ್ತು, ಕೆಲಸ, ಜಾಗ, ಯಾವಾಗ. ಇದಕ್ಕೆ ನನ್ನ ಕಡೆಯಿಂದ ಇನ್ನೆರಡು ಸೇರಿಸಿದೆ. "ಯಾರು ಹೇಳಿದ್ದು" ಮತ್ತು "ಮತ್ತೆ ನೋಡು". ಒಂದು ಚೀಟಿ ಹೀಗಿದೆ:

ಬೋರ್ಡೋ ದ್ರಾವಣ, ಶೇ. 1
ಬೆಳೆ: ಅಡಿಕೆ, ಮೆಣಸು, ಕಾಫಿ
ವಸ್ತು: ಮೈಲುತುತ್ತ, ಸುಣ್ಣ
ಕೆಲಸ: ಔಷಧಿ ಹೊಡೆಯುವುದು, ಕೊಳೆ ರೋಗ
ಜಾಗ: ಎಲ್ಲ ಕಡೆ
ಯಾವಾಗ: ಮೇ, ಜೂನ್ (ಮಳೆ ಹಿಡಿಯುವ ಮುಂಚೆ)
ಯಾರು ಹೇಳಿದ್ದು: ತರಬೇತಿಯಲ್ಲಿ ಬರೆದುಕೊಂಡದ್ದು, ಅಪ್ಪನ ಡೈರಿಯಲ್ಲೂ ಇದೆ
ಮತ್ತೆ ನೋಡು: ಬೇಡ
100 ಲೀಟರಿಗೆ ಮೈಲುತುತ್ತ 1 ಕೆಜಿ, ಸುಣ್ಣ 1 ಕೆಜಿ. ಎರಡನ್ನೂ ಬೇರೆ ಬೇರೆ 50 ಲೀಟರ್ ನೀರಿನಲ್ಲಿ ಕರಗಿಸು. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನಕ್ಕೆ ಹೊಯ್ಯುತ್ತಾ ಕಲಕು. ಕಬ್ಬಿಣದ ಡ್ರಮ್ಮು ಬೇಡ, ಪ್ಲಾಸ್ಟಿಕ್ ಸಾಕು. ಉಜ್ಜಿದ ಕತ್ತಿಯನ್ನು ಅದ್ದಿ ನೋಡು. ಕೆಂಪಗೆ ತಾಮ್ರ ಹಿಡಿದರೆ ಸುಣ್ಣ ಕಡಿಮೆ, ಇನ್ನಷ್ಟು ಹಾಕು. ಕಲಸಿದ ದಿನವೇ ಹೊಡೆದು ಮುಗಿಸು.
ಕಾಫಿಯ ಎಲೆತುಕ್ಕು ರೋಗಕ್ಕೆ ಶೇ. 0.5 ಸಾಕು, ಅದಕ್ಕೆ 200 ಲೀಟರಿಗೆ ಇದೇ ಅಳತೆ.

ಒಂದು ಚೀಟಿಯಲ್ಲಿ ಒಂದೇ ಕೆಲಸ. ಓದಿದ ತಕ್ಷಣ ಕೈ ಹಾಕುವಂತಿರಬೇಕು. ಕರಪತ್ರದಿಂದ ಹಾಗೇ ನಕಲು ಮಾಡದೆ, ಮೇಸ್ತ್ರಿಗೆ ಹೇಳುವ ಮಾತಿನಲ್ಲೇ ಬರೆದೆ. ಆಗ ನಮಗೇ ಅರ್ಥವಾಗದ ಜಾಗ ಎಲ್ಲಿದೆ ಅಂತ ಗೊತ್ತಾಗುತ್ತದೆ.

ಮಾಹಿತಿ ಇನ್ನೂ ಸರಿಯೇ ಅಂತ ಯಾವಾಗ ಪರೀಕ್ಷಿಸಬೇಕು ಎಂದು ಹೇಳುವ "ಮತ್ತೆ ನೋಡು" ಸಾಲಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಲೇಬೇಕು. ಇಡೀ ವ್ಯವಸ್ಥೆಯಲ್ಲಿ ನಾನು ಅತಿ ಹೆಚ್ಚು ನಂಬಿರುವುದು ಅದನ್ನೇ. ಬೋರ್ಡೋ ದ್ರಾವಣ 1880ರ ದಶಕದಲ್ಲಿ ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ ಶುರುವಾದದ್ದು. ಮೈಸೂರು ಸಂಸ್ಥಾನದಲ್ಲಿ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು ಅಡಿಕೆಯ ಕೊಳೆ ರೋಗಕ್ಕೆ ಅದನ್ನು ಹೇಳಿಕೊಟ್ಟು ನೂರು ವರ್ಷದ ಮೇಲಾಯಿತು. ಇವತ್ತಿಗೂ ಅದು ಹಳೆಯದಾಗಿಲ್ಲ. ಅದೇ ಅಪ್ಪನ ಡೈರಿಯ ಇನ್ನೊಂದು ಪುಟದಲ್ಲಿ ಕಾಂಡಕೊರಕಕ್ಕೆ (ಕಾಫಿ ಗಿಡದ ಕಾಂಡ ಕೊರೆಯುವ ದುಂಬಿ) ಲಿಂಡೇನ್ ಎಂಬ ಕೀಟನಾಶಕ ಬಳಿಸಿದ ಲೆಕ್ಕ ಇದೆ. ಆ ಕಾಲಕ್ಕೆ ಅದೇ ಸರಿಯಾದ ಕ್ರಮ. ಈಗ ಅದು ಕಾನೂನಿಗೆ ವಿರುದ್ಧ. 2011ರ ಮಾರ್ಚ್‌ನಲ್ಲಿ ಲಿಂಡೇನ್ ತಯಾರಿಕೆ ನಿಂತಿತು, 2013ರ ಮಾರ್ಚ್‌ನಿಂದ ಬಳಕೆಗೂ ನಿಷೇಧ ಬಂತು. ಕಾಯಿಕೊರಕಕ್ಕೆ ಹೊಡೆಯುತ್ತಿದ್ದ ಎಂಡೋಸಲ್ಫಾನ್‌ನದ್ದೂ ಇದೇ ಕಥೆ, 2011ರಲ್ಲಿ ಸುಪ್ರೀಂ ಕೋರ್ಟ್ ತಡೆಯಿತು.

ಅಂದರೆ ಮಾಹಿತಿ ಎಷ್ಟು ವರ್ಷದ್ದು ಅನ್ನುವುದಕ್ಕಿಂತ ಅದು ಯಾವ ಜಾತಿಯದ್ದು ಅನ್ನುವುದು ಮುಖ್ಯ. ಕಲಸುವ ಕ್ರಮ, ಮಣ್ಣು ತೆಗೆಯುವ ಕ್ರಮ, ಹುಳದ ಜೀವನ ಚಕ್ರ, ಇವಕ್ಕೆ "ಬೇಡ" ಅಂತ ಹಾಕುತ್ತೇನೆ. ಕೀಟನಾಶಕದ ಹೆಸರಿರುವ ಪ್ರತಿ ಚೀಟಿಗೂ "ಪ್ರತಿ ವರ್ಷ, ಹೊಡೆಯುವ ತಿಂಗಳಿಗೆ ಮುಂಚೆ" ಅಂತ ಇರುತ್ತದೆ. ಸಬ್ಸಿಡಿ, ಸಾಲ, ಅರ್ಜಿಗೆ ಸಂಬಂಧಿಸಿದ್ದಕ್ಕೆ ಕೊನೆ ದಿನಾಂಕವೇ ಇರುತ್ತದೆ, ಅದು ದಾಟಿದ ಮೇಲೆ ಚೀಟಿ "ಹಳೆಯದು" ಎಂಬ ಫೋಲ್ಡರಿಗೆ ಹೋಗುತ್ತದೆ. ಲಿಂಡೇನ್ ಪುಟವನ್ನು ಅಳಿಸಲಿಲ್ಲ. ಯಾವ ವರ್ಷ ಯಾವ ಪಟ್ಟೆಯಲ್ಲಿ ಕಾಂಡಕೊರಕ ಜಾಸ್ತಿ ಇತ್ತು ಎಂಬುದು ಅದರಿಂದಲೇ ಗೊತ್ತಾಗುವುದು. ಮೇಲೆ ದೊಡ್ಡದಾಗಿ "ಬಳಸಬಾರದು, 2013ರಿಂದ ನಿಷೇಧ" ಅಂತ ಬರೆದು ಇಟ್ಟೆ.

ಮುಂದಿನದು ಜಾಗದ ಹೆಸರು. ಸುಲಭದ ಕೆಲಸ ಅಂತ ಕಾಣುತ್ತದೆ, ಆದರೆ ಹೆಚ್ಚು ಹೊತ್ತು ಹಿಡಿದದ್ದು ಇದೇ. ತೋಟದ ಒಂದು ಭಾಗವನ್ನು ಮೇಸ್ತ್ರಿ "ಬಸರಿಮರದ ಪಟ್ಟೆ" ಅನ್ನುತ್ತಾರೆ. ಅಪ್ಪನ ಡೈರಿಯಲ್ಲಿ ಅದು "ಹೊಸತೋಟ", ಅಲ್ಲಿ ಗಿಡ ಹಾಕಿ ಎಷ್ಟೋ ವರ್ಷ ಕಳೆದರೂ ಹೊಸತೋಟವೇ. ಪಹಣಿಯಲ್ಲಿ ಅದಕ್ಕೊಂದು ಸರ್ವೆ ನಂಬರು. ಮಣ್ಣು ಪರೀಕ್ಷೆಗೆ ಕೊಟ್ಟಾಗ ನಾನು "ಬ್ಲಾಕ್ 4" ಅಂತ ಬರೆದಿದ್ದೆ. ಯಾವ ಹೆಸರಿನಲ್ಲಿ ಹುಡುಕಿದರೂ ಪೂರ್ತಿ ಚರಿತ್ರೆ ಸಿಗುವುದಿಲ್ಲ. ಅದಕ್ಕೆ ಪ್ರತಿ ಪಟ್ಟೆಗೂ ಒಂದು ಜಾಗದ ಚೀಟಿ ಮಾಡಿ, ಇರುವ ಎಲ್ಲ ಹೆಸರನ್ನೂ ಅದರಲ್ಲಿ ಬರೆದೆ. ಅಬ್ಸಿಡಿಯನ್‌ನಲ್ಲಿ ಒಂದು ಚೀಟಿಗೆ ಬೇರೆ ಹೆಸರುಗಳನ್ನು ಕೊಡುವ ಸೌಕರ್ಯ ಇದೆ. ಉಳಿದ ಚೀಟಿಗಳಲ್ಲಿ ಮೇಸ್ತ್ರಿ ಕರೆಯುವ ಹೆಸರೊಂದೇ. ಅದೇ ಯಾಕೆ ಅಂದರೆ, ತೋಟದಲ್ಲಿ ನಡೆಯುವ ಕೆಲಸವೆಲ್ಲ ಆ ಹೆಸರಿನಲ್ಲೇ ನಡೆಯುತ್ತದೆ. ಅಪ್ಪನ ಜೊತೆ ಕೂತು ಈ ಪಟ್ಟಿ ಮಾಡುವಾಗ, ನಮ್ಮ ಮನೆಯಲ್ಲಿ ಯಾರೂ ಬಳಸದ ಒಂದೆರಡು ಹಳೆಯ ಹೆಸರುಗಳೂ ಸಿಕ್ಕಿದವು. ಅವನ್ನೂ ಹಾಕಿದೆ.

ಅಪ್ಪನ ಡೈರಿಗಳನ್ನು ಕಂಪ್ಯೂಟರಿಗೆ ತರುವುದು ಹೇಗೆ? ಮುದ್ರಿತ ಕನ್ನಡವನ್ನು ಫೋಟೊದಿಂದ ಅಕ್ಷರ ಮಾಡುವುದಕ್ಕೆ ಟೆಸರಾಕ್ಟ್ ಇದೆ, ಗೂಗಲ್ ಲೆನ್ಸ್ ಇದೆ. ಕರಪತ್ರಗಳಿಗೆ ಅವು ಸಾಕು. ಕೈಬರಹಕ್ಕೆ ಕೆಲಸ ಮಾಡಲಿಲ್ಲ. ಆಗ ಹೊಳೆದದ್ದು ಬಾಯಿಂದ ಹೇಳಿಸುವುದು. ಸಂಜೆ ಅಪ್ಪ ಡೈರಿ ಓದುತ್ತಾರೆ, ನಾನು ಫೋನಿನ ಕೀಬೋರ್ಡಿನಲ್ಲಿ ಮೈಕ್ ಒತ್ತಿ ಹಿಡಿಯುತ್ತೇನೆ. ಜಿಬೋರ್ಡ್ ಕನ್ನಡ ಚೆನ್ನಾಗಿ ಹಿಡಿಯುತ್ತದೆ. ತೋಟದ ಮಾತುಗಳಲ್ಲಿ ಮಾತ್ರ ಎಡವುತ್ತದೆ. "ಮರಗಸಿ" (ನೆರಳಿನ ಮರಗಳ ಕೊಂಬೆ ಕಡಿಯುವುದು) ಅಂತ ಹೇಳಿದರೆ "ಮರ ಕಸಿ" ಅಂತ ಎರಡು ಪದ ಮಾಡುತ್ತದೆ. ಅವನ್ನು ಆಮೇಲೆ ಒಟ್ಟಿಗೆ ತಿದ್ದಿದೆ.

ಡೈರಿಯ ಎಲ್ಲ ಸಾಲೂ ಬೇಡ. "ಮದುವೆಗೆ ಹೋದೆ", "ಹಾಸನಕ್ಕೆ ಹೋಗಿ ಬಂದೆ" ಎಂಬ ಪುಟಗಳ ಫೋಟೊ ಮಾತ್ರ ತೆಗೆದಿಟ್ಟೆ, ಅದು ಮನೆಯ ನೆನಪು. ಚೀಟಿಯಾದದ್ದು ದಿನಾಂಕ, ಪಟ್ಟೆ, ಕೆಲಸ ಈ ಮೂರೂ ಇರುವ ಸಾಲುಗಳು. ಅಪ್ಪ ಓದುತ್ತಾ ಓದುತ್ತಾ ಡೈರಿಯಲ್ಲಿ ಇಲ್ಲದ್ದನ್ನೂ ಹೇಳುತ್ತಿದ್ದರು. "ಆ ವರ್ಷ ಮರಗಸಿ ಜಾಸ್ತಿ ಮಾಡಿಸಿಬಿಟ್ಟೆವು, ನೆರಳು ಕಡಿಮೆಯಾಗಿ ಮಾರನೇ ವರ್ಷ ಬೋರರ್ ಬಂತು ನೋಡು." ಬೋರರ್ ಅಂದರೆ ಕಾಂಡಕೊರಕ, ಆ ದುಂಬಿಗೆ ಬಿಸಿಲು ಬೀಳುವ ಗಿಡ ಇಷ್ಟ. ಆ ಒಂದು ಮಾತು ಡೈರಿಯ ಎರಡು ಬೇರೆ ಬೇರೆ ವರ್ಷದ ಪುಟಗಳನ್ನು ಒಂದಕ್ಕೊಂದು ಜೋಡಿಸಿತು. ಈಗ ಮರಗಸಿಯ ಚೀಟಿಯಿಂದ ಕಾಂಡಕೊರಕದ ಚೀಟಿಗೆ ಕೊಂಡಿ ಇದೆ. ಕೊಂಡಿ ಅಂದರೆ ಹೀಗಿರಬೇಕು, ಕಾರಣ ಗೊತ್ತಿದ್ದು ಹಾಕಿದ್ದು. ಸುಮ್ನೆ ಎರಡರಲ್ಲೂ "ಕಾಫಿ" ಅಂತ ಇದೆ ಅಂದು ಕೊಂಡಿ ಹಾಕಿದರೆ ಎಲ್ಲವೂ ಎಲ್ಲದಕ್ಕೂ ಸೇರಿಕೊಳ್ಳುತ್ತದೆ.

ಮಳೆ ಪುಸ್ತಕ ಬೇರೆಯೇ ತರಹ. ನಮ್ಮ ಕಡೆ ಮಳೆ ಅಳೆಯುವುದು ಇಂಚು ಮತ್ತು ಸೆಂಟಿನಲ್ಲಿ. 100 ಸೆಂಟಿಗೆ ಒಂದು ಇಂಚು. ಬೆಳಗ್ಗೆ ಫೋನಿನಲ್ಲಿ "ಎಷ್ಟು ಸೆಂಟ್ ಬಂತು ನಿಮ್ಕಡೆ?" ಅಂತಲೇ ಕೇಳುವುದು. ಅಪ್ಪ ಬರೆಯುವುದು "1-35", ಅಂದರೆ ಒಂದು ಇಂಚು 35 ಸೆಂಟ್. ಇದನ್ನು ಹಾಗೇ ಎಕ್ಸೆಲ್‌ಗೆ ಹೊಡೆದರೆ ಅದು ತಾರೀಖು ಅಂದುಕೊಂಡು ಜನವರಿ ಮಾಡಿಬಿಡುತ್ತದೆ. ಇನ್ನೂ ಅಪಾಯದ್ದು "1-5". ಅದು ಒಂದು ಇಂಚು 5 ಸೆಂಟ್, ಅಂದರೆ 26.67 ಮಿಲಿಮೀಟರ್. ಯಾರಾದರೂ ಅವಸರದಲ್ಲಿ 1.5 ಅಂತ ಹೊಡೆದರೆ 38.1 ಮಿಲಿಮೀಟರ್ ಆಗುತ್ತದೆ. ಹಾಗಾಗಿ ಇಂಚಿಗೆ ಒಂದು ಕಾಲಂ, ಸೆಂಟಿಗೆ ಇನ್ನೊಂದು ಕಾಲಂ ಇಟ್ಟೆ. ಮೂರನೆಯದರಲ್ಲಿ ಸೆಂಟನ್ನು 100ರಿಂದ ಭಾಗಿಸಿ, ಇಂಚಿಗೆ ಕೂಡಿಸಿ, 25.4ರಿಂದ ಗುಣಿಸಿದರೆ ಮಿಲಿಮೀಟರ್ ಬರುತ್ತದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆ ಲೆಕ್ಕ ಮಿಲಿಮೀಟರಿನಲ್ಲೇ ಇರುವುದು, ಅದರ ಜೊತೆ ಹೋಲಿಸಲು ಇದು ಬೇಕೇ ಬೇಕು.

ಮಳೆಯ ಸಾಲಿನ ಪಕ್ಕ ಒಂದು ಟಿಪ್ಪಣಿ ಕಾಲಂ ಕೂಡ ಇದೆ. ಹೂಮಳೆ (ಕಾಫಿ ಹೂವು ಬಿಡಿಸುವ ಮಳೆ) ಯಾವತ್ತು ಬಂತು, ಬ್ಯಾಕಿಂಗ್ (ಅದರ ನಂತರ ಬೇಕಾದ ಎರಡನೇ ಮಳೆ) ಯಾವತ್ತು, ಹೂವು ಬಿರಿದದ್ದು ಯಾವತ್ತು. ರೋಬಸ್ಟಾಕ್ಕೆ ಸ್ಪ್ರಿಂಕ್ಲರ್ ಹಾಕಬೇಕೋ, ಮಳೆಗೆ ಇನ್ನೊಂದು ವಾರ ಕಾಯಬೇಕೋ ಎಂಬ ಪ್ರಶ್ನೆ ಪ್ರತಿ ಫೆಬ್ರವರಿಯಲ್ಲೂ ಬರುತ್ತದೆ. ಹಿಂದಿನ ವರ್ಷಗಳ ಆ ಮೂರು ತಾರೀಖು ಒಂದರ ಕೆಳಗೊಂದು ಕಂಡರೆ ಯೋಚನೆ ಮಾಡುವುದು ಎಷ್ಟೋ ಸುಲಭ.

ಇನ್ನು ಕನ್ನಡದಲ್ಲಿ ಹುಡುಕುವ ವಿಷಯ. ಇಂಗ್ಲಿಷ್‌ನಲ್ಲಿ ಚೀಟಿ ಇಡುವವರಿಗೆ ಈ ಕಷ್ಟಗಳು ಗೊತ್ತೇ ಇಲ್ಲ, ಹಾಗಾಗಿ ಎಲ್ಲೂ ಬರೆದಿರುವುದಿಲ್ಲ.

"ಮೆಣಸು" ಅಂತ ಹುಡುಕಿದರೆ "ಮೆಣಸಿನ ಬಳ್ಳಿ", "ಮೆಣಸಿಗೆ" ಇರುವ ಚೀಟಿಗಳು ಬರುವುದಿಲ್ಲ. ವಿಭಕ್ತಿ ಸೇರಿದಾಗ ಕೊನೆಯ ಉಕಾರ ಹೋಗಿ ಇಕಾರ ಬರುತ್ತದೆ, ಕಂಪ್ಯೂಟರಿಗೆ ಅದು ಬೇರೆ ಪದ. ಪರಿಹಾರ ಸರಳ. ಕೊನೆಯ ಗುಣಿತ ಬಿಟ್ಟು "ಮೆಣಸ" ಅಂತ ಹುಡುಕಿದರೆ ಎಲ್ಲವೂ ಬರುತ್ತವೆ. ಕಾಳು, ಕಾಳಿನ ಬೇಕಾದರೆ "ಕಾಳ". ಮಳೆ, ಗಿಡ ಇಂಥ ಪದಗಳಿಗೆ ಈ ತೊಂದರೆ ಇಲ್ಲ, ಅವು ಹಾಗೇ ಉಳಿದು ಹಿಂದೆ ಪ್ರತ್ಯಯ ಸೇರುತ್ತದೆ. ಅಂಕಿಗಳ ವಿಷಯದಲ್ಲೂ ಒಂದು ನಿಯಮ ಬೇಕು. ಕನ್ನಡದ ೧ ಮತ್ತು 1 ಹುಡುಕುವಾಗ ಬೇರೆ ಬೇರೆ. ಒಂದನ್ನೇ ಹಿಡಿಯಬೇಕು. ನಾನು 1, 2, 3 ಹಿಡಿದೆ, ತಾರೀಖು 2025-03-14 ಎಂಬ ಕ್ರಮದಲ್ಲಿ. ವರ್ಷ ಮೊದಲು ಬಂದರೆ ಫೈಲುಗಳು ತಾವಾಗಿಯೇ ಸಾಲಾಗಿ ನಿಲ್ಲುತ್ತವೆ.

ಹಳೆಯ ಕನ್ನಡ ಪಿಡಿಎಫ್‌ಗಳು ಇನ್ನೊಂದು ತರಹ ಕಾಡುತ್ತವೆ. ಓದಲು ಚೆನ್ನಾಗಿ ಕಾಣುತ್ತವೆ, ನಕಲು ಮಾಡಿ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಯೂನಿಕೋಡ್ ಬರುವ ಮುಂಚಿನ ಫಾಂಟುಗಳಲ್ಲಿ ಮಾಡಿದ್ದು ಅವು. ಒಳಗಿರುವುದು ಇಂಗ್ಲಿಷ್ ಅಕ್ಷರವೇ, ಮೇಲೆ ಕನ್ನಡದ ಆಕಾರ ತೊಡಿಸಿದ್ದಾರೆ. ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಇವೆ, ಆದರೆ ಒತ್ತಕ್ಷರ ಇದ್ದಲ್ಲಿ ಒಮ್ಮೊಮ್ಮೆ ಕೆಡುತ್ತದೆ. ಪುಟವನ್ನು ಚಿತ್ರವಾಗಿ ತೆಗೆದು ಟೆಸರಾಕ್ಟ್‌ಗೆ ಕೊಡುವುದೇ ನನಗೆ ಹೆಚ್ಚು ಸರಿಬಂತು.

ಮತ್ತೊಂದು ತೊಡಕು ಬಂದದ್ದು ಸಿಂಕ್ ಮಾಡುವಾಗ. ಕೆಲವು ಚೀಟಿಗಳು ಲ್ಯಾಪ್‌ಟಾಪಿನಲ್ಲಿ ಇವೆ, ಫೋನಿಗೆ ಬರುತ್ತಲೇ ಇಲ್ಲ. ನೋಡಿದರೆ ಎಲ್ಲವೂ ಉದ್ದ ಹೆಸರಿನವು. ಆಂಡ್ರಾಯ್ಡ್ ಫೋನಿನಲ್ಲಿ ಫೈಲಿನ ಹೆಸರು 255 ಬೈಟ್ ದಾಟುವಂತಿಲ್ಲ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್, ಕನ್ನಡದ ಒಂದೊಂದು ಚಿಹ್ನೆಗೂ ಮೂರು. "ಕಾಂಡಕೊರಕ" ಎಂಬ ಒಂದೇ ಪದ 24 ಬೈಟ್ ತಿನ್ನುತ್ತದೆ, ಯಾಕೆಂದರೆ ದೀರ್ಘ, ಸೊನ್ನೆ, ಒಕಾರ ಎಲ್ಲವೂ ಬೇರೆ ಬೇರೆ ಲೆಕ್ಕ. ಅಂದರೆ ಹೆಸರಿಗೆ ಸಿಗುವುದು ಸುಮಾರು 80 ಚಿಹ್ನೆ ಅಷ್ಟೇ. ವಿಂಡೋಸ್‌ನಲ್ಲಿ ಲೆಕ್ಕ ಬೇರೆ ಆದ್ದರಿಂದ ಅಲ್ಲಿ ಏನೂ ತೊಂದರೆ ಕಾಣಲಿಲ್ಲ. ಹೆಸರುಗಳನ್ನು ನಾಲ್ಕೈದು ಪದಕ್ಕೆ ಇಳಿಸಿದೆ, ಎಲ್ಲವೂ ಬಂದವು. ಚಿಕ್ಕ ಹೆಸರು ಓದಲೂ ಒಳ್ಳೆಯದು.

ವಾಟ್ಸ್ಯಾಪ್‌ಗೆ ಬರೋಣ. ಬೆಳೆಗಾರರ ಗುಂಪುಗಳಿಂದ ನನಗೆ ನಿಜವಾಗಿಯೂ ಉಪಯೋಗ ಆಗಿದೆ, ಅವನ್ನು ಹಗುರವಾಗಿ ನೋಡುವವನಲ್ಲ ನಾನು. ಆದರೆ ಬಂದದ್ದನ್ನೆಲ್ಲ ಇಟ್ಟರೆ ರಾಶಿಯಾಗುತ್ತದೆ. ಒಳ್ಳೆಯದು ಅನ್ನಿಸಿದ್ದನ್ನು ನನ್ನದೇ ನಂಬರಿಗೆ ಕಳಿಸಿಕೊಳ್ಳುತ್ತೇನೆ. ವಾರಕ್ಕೊಮ್ಮೆ, ಬಟವಾಡೆ ಮುಗಿಸಿದ ಮೇಲೆ ಕೂತು ಜರಡಿ ಹಿಡಿಯುತ್ತೇನೆ. ಆಗ ಕೇಳಿಕೊಳ್ಳುವುದು: ಇದನ್ನು ಹೇಳಿದವರು ಯಾರು? ಯಾವ ಊರಿನ ಮಳೆ, ಯಾವ ಮಣ್ಣು ನೋಡಿ ಹೇಳಿದ್ದು? ನಮ್ಮ ಯಾವ ಪಟ್ಟೆಯಲ್ಲಿ ಯಾವ ತಿಂಗಳು ಇದು ಕೆಲಸಕ್ಕೆ ಬರುತ್ತದೆ? ಕೊನೆಯ ಪ್ರಶ್ನೆಗೆ ಉತ್ತರ ಬರೆಯಲು ಆಗದಿದ್ದರೆ ಚೀಟಿ ಇಲ್ಲ. ಹೆಚ್ಚಿನವು ಇಲ್ಲೇ ಉದುರುತ್ತವೆ.

ಎರಡನೆಯ ಪ್ರಶ್ನೆ ನಮ್ಮ ಕಡೆಯವರಿಗೆ ಬಹಳ ಮುಖ್ಯ. ಘಟ್ಟದ ಅಂಚಿನಲ್ಲಿರುವ ಹೆತ್ತೂರು, ಮಾರನಹಳ್ಳಿ ಕಡೆ ಸುರಿಯುವ ಮಳೆ ಬೇರೆ, ಆಲೂರಿನ ಕಡೆಗೆ ಬಂದರೆ ಬೇರೆ. ಮುಂಗಾರಿನಲ್ಲಿ ಎರಡು ಮಳೆಯ ನಡುವೆ ಗೊಬ್ಬರ ಹಾಕಿ ಅಂತ ಒಂದು ಕಡೆ ಕೊಟ್ಟ ಸಲಹೆಯನ್ನು ಇನ್ನೊಂದು ಕಡೆ ಮಾಡಿದರೆ ಗೊಬ್ಬರ ಹೇಮಾವತಿಗೆ ಸೇರುತ್ತದೆ.

ದಿನದ ಕಾಫಿ ದರ ಇಡುವುದನ್ನು ನಿಲ್ಲಿಸಿದೆ. ನಾಳೆಗೆ ಅದು ಹಳೆಯದು. ನಾವು ನಿಜವಾಗಿ ಮಾರಿದ ದಿನದ ಬಿಲ್ಲು, 50 ಕೆಜಿ ಮೂಟೆಗೆ ಸಿಕ್ಕ ದರ, ಆ ದಿನ ಪಾರ್ಚ್‌ಮೆಂಟಿನ (ಹಣ್ಣಿನ ಸಿಪ್ಪೆ ತೆಗೆದು ತೊಳೆದು ಒಣಗಿಸಿದ ಕಾಫಿ ಬೀಜದ) ತೇವಾಂಶ, ಇಷ್ಟು ಇಡುತ್ತೇನೆ. ಅರೇಬಿಕಾ ಪಾರ್ಚ್‌ಮೆಂಟ್ ಶೇ. 10ಕ್ಕೆ ಒಣಗಿರಬೇಕು. ಕಣದಲ್ಲಿ ಎಷ್ಟು ದಿನ ಬಿದ್ದಿತ್ತು ಅಂತಲೂ ಬರೆದಿಟ್ಟರೆ ಮುಂದಿನ ಕೊಯ್ಲಿಗೆ ಅಂದಾಜು ಸಿಗುತ್ತದೆ.

ಇಷ್ಟಾದ ಮೇಲೂ ಇದು ನನ್ನ ಫೋನಿನೊಳಗೇ ಉಳಿದರೆ ತೋಟಕ್ಕೆ ಏನು ಬಂತು? ಪ್ರತಿ ತಿಂಗಳ ಕೊನೆಗೆ "ಯಾವಾಗ" ಎಂಬ ಸಾಲಿನಲ್ಲಿ ಮುಂದಿನ ತಿಂಗಳ ಹೆಸರಿರುವ ಚೀಟಿಗಳನ್ನು ಹುಡುಕಿ, ಒಂದು ಹಾಳೆಗೆ ಇಳಿಸಿ, ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆದು ಗೋದಾಮಿನ ಬಾಗಿಲ ಹಿಂದೆ ಅಂಟಿಸುತ್ತೇನೆ. ಮಾರ್ಚ್ ಹಾಳೆಯಲ್ಲೂ ಸೆಪ್ಟೆಂಬರ್ ಹಾಳೆಯಲ್ಲೂ ಮೊದಲ ಸಾಲು ಒಂದೇ: ಅರೇಬಿಕಾ ಸಾಲು ಸಾಲಾಗಿ ನೋಡಿ, ಕಾಂಡದ ಮೇಲೆ ಉಬ್ಬು ಗೆರೆ ಬಂದ, ಎಲೆ ಹಳದಿಯಾದ ಗಿಡ ಗುರುತು ಮಾಡಿ, ಕಿತ್ತು ಸುಡುವುದು. ದುಂಬಿ ಹೊರಬಂದು ಹಾರುವುದು ಏಪ್ರಿಲ್-ಮೇನಲ್ಲಿ, ಮತ್ತೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಅದಕ್ಕೆ ಮುಂಚೆ ಮುಗಿಸಿದರೆ ಮಾತ್ರ ಈ ಕೆಲಸಕ್ಕೆ ಬೆಲೆ. ಹಾಳೆಯ ಪಕ್ಕ ಒಂದು ಪೆನ್ನು ಕಟ್ಟಿದ್ದೇನೆ. ಮೇಸ್ತ್ರಿ, ರೈಟರ್ (ತೋಟದ ಲೆಕ್ಕ ಬರೆಯುವವರು) ಅದರ ಮೇಲೇ ಬರೆಯುತ್ತಾರೆ. ಯಾವ ಪಟ್ಟೆ ಆಯಿತು, ಎಷ್ಟು ಗಿಡ ಕಿತ್ತದ್ದು, ಯಾವುದು ಬಾಕಿ. ತಿಂಗಳು ಮುಗಿದ ಮೇಲೆ ಆ ಹಾಳೆಯ ಫೋಟೊ ತೆಗೆದು ಆಯಾ ಜಾಗದ ಚೀಟಿಗೆ ಸೇರಿಸುತ್ತೇನೆ. ಪುಸ್ತಕದ ಮಾಹಿತಿಗಿಂತ ಈ ಹಾಳೆಗಳ ಬರಹವೇ ಮುಂದೆ ಜಾಸ್ತಿ ಬೆಲೆ ಬಾಳುತ್ತದೆ ಅಂತ ನನ್ನ ನಂಬಿಕೆ. ಅದು ನಮ್ಮ ತೋಟದ್ದೇ, ಬೇರೆಲ್ಲೂ ಸಿಗುವುದಿಲ್ಲ.

ಬ್ಯಾಕಪ್‌ಗೆ ಒಂದು ಪೆನ್‌ಡ್ರೈವ್ ಮನೆಯಲ್ಲಿ, ಇನ್ನೊಂದು ಹಾಸನದಲ್ಲಿ ಅಕ್ಕನ ಮನೆಯಲ್ಲಿ. ಹೋದಾಗಲೆಲ್ಲ ಬದಲಿಸಿ ಬರುತ್ತೇನೆ. ಬರೀ ಪಠ್ಯ ಆದ್ದರಿಂದ ಜಾಗ ಹಿಡಿಯುವುದಿಲ್ಲ, ಫೋಟೊಗಳದ್ದೇ ಭಾರ.

ಸದ್ಯಕ್ಕೆ ಕೈಯಲ್ಲಿರುವುದು ಮೆಣಸಿನ ಬಳ್ಳಿಗಳ ಲೆಕ್ಕ. ಸೊರಗು ರೋಗಕ್ಕೆ ಯಾವ ಯಾವ ಮರದ ಬಳ್ಳಿ ಹೋಯಿತು, ಅಲ್ಲಿ ನೀರು ನಿಲ್ಲುತ್ತಿತ್ತೇ ಎಂಬುದನ್ನು ಪಟ್ಟೆವಾರು ಬರೆಯುತ್ತಿದ್ದೇನೆ. ಅಪ್ಪನಿಗೆ ಮರಗಳು ಒಂದೊಂದೂ ಗೊತ್ತು. ಮಳೆ ಹಿಡಿಯುವುದರೊಳಗೆ ಅವರ ಜೊತೆ ತೋಟ ಸುತ್ತಿ, ಬಸಿಗಾಲುವೆ ಎಲ್ಲೆಲ್ಲಿ ತೆಗೆಸಬೇಕು ಎಂಬ ಪಟ್ಟಿ ಜೂನ್ ಹಾಳೆಗೆ ಹಾಕಬೇಕು.